ಕಾಲೇಜಿನ ಬರಹವೂ ಕೃತಕ ಬುದ್ಧಿಯೂ

ಕೆಲವು ದಿನಗಳ ಹಿಂದೆ ನಮ್ಮ ಕಾರ್ಯಾಲಯಕ್ಕೆ ಹಿರಿಯರೊಬ್ಬರು ಬಂದಿದ್ದರು. ಕುಂದಾಪುರದ ಕಡೆಯವರು, ಟ್ರಿಪ್ಲಿಕೇನಿನ ಹೋಟೆಲೊಂದರ ಅಡಿಗೆಮನೆಯಲ್ಲಿ ಮೂವತ್ತು ವರ್ಷಗಳಿಂದ ದುಡಿಯುತ್ತಿರುವವರು. ಅವರ ಮಗಳು ಈ ನಗರದ ಕಾಲೇಜೊಂದರಲ್ಲಿ ಬಿ.ಕಾಂ. ತರಗತಿಯಲ್ಲಿ ಓದುತ್ತಿರುವಳು. ಅವಳು ಒಪ್ಪಿಸಿದ ಅಸೈನ್‌ಮೆಂಟನ್ನು ಕಂಪ್ಯೂಟರಿನಲ್ಲಿ ಹಾಯಿಸಿ ನೋಡಿ, ಅದು ಯಂತ್ರ ಬರೆದುದೆಂದು ಷರಾ ಹಾಕಿ, ಸೊನ್ನೆ ಅಂಕ ಕೊಟ್ಟು ಹಿಂದಿರುಗಿಸಿದ್ದರಂತೆ. ಹುಡುಗಿ ಎರಡು ರಾತ್ರಿ ಕುಳಿತು ಬರೆದುದನ್ನು ತಾವು ಕಣ್ಣಾರೆ ಕಂಡುದಾಗಿ ತಂದೆ ಹೇಳಿದರು. “ನನಗೆ ಇಂಗ್ಲಿಷ್ ಬರುವುದಿಲ್ಲ, ಸ್ವಾಮಿ. ಅವಳು ಬರೆದದ್ದು ಚೆನ್ನಾಗಿದೆಯೋ ಇಲ್ಲವೋ ನಾನು ಹೇಳಲಾರೆ. ಆದರೆ ಬರೆದವಳು ಅವಳೇ ಹೌದೋ ಅಲ್ಲವೋ ಎಂದು ಗೊತ್ತಾಗಬೇಕಿದ್ದರೆ ಅವಳನ್ನೇ ಕರೆದು ನಾಲ್ಕು ಪ್ರಶ್ನೆ ಕೇಳಬಹುದಿತ್ತಲ್ಲ?” ಎಂಬುದು ಅವರ ಅಳಲು.

ಆ ಕಾಲೇಜು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಹುಡುಗಿಯ ಪರವಾಗಿ ತೀರ್ಪು ಕೊಡುವ ಅಧಿಕಾರವೂ ನಮಗಿಲ್ಲ. ಆದರೆ ಅಕ್ಷರದ ಅಭ್ಯಾಸ ಹೆಚ್ಚಿಲ್ಲದ ಆ ತಂದೆ ಕೇಳಿದ ಪ್ರಶ್ನೆಯಲ್ಲಿ, ಜಗತ್ತಿನ ವಿದ್ಯಾಸಂಸ್ಥೆಗಳೆಲ್ಲ ಈಗ ತಲೆಕೆಡಿಸಿಕೊಂಡಿರುವ ವಿಷಯದ ತಿರುಳೇ ಅಡಗಿದೆ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಇನ್ನು ಕೆಲವರು ಹಗಲು ಕಚೇರಿಯಲ್ಲಿ ದುಡಿದು ರಾತ್ರಿ ಅಂಚೆ ಶಿಕ್ಷಣದ ಪುಸ್ತಕ ಹಿಡಿಯುವವರು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ವಿಚಾರಿಸುವುದು ಯುಕ್ತವೆಂದು ಭಾವಿಸಿದ್ದೇವೆ.

ಪುಕ್ಕಟೆಯಾಗಿ ಬಂದ ಯಂತ್ರ

2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಯನ್ನು ಲೋಕದ ಮುಂದಿಟ್ಟಿತು. ಮನುಷ್ಯರು ಬರೆದಿಟ್ಟ ಅಪಾರ ಬರಹರಾಶಿಯನ್ನು ಉಣಿಸಿ, ಒಂದು ಪದದ ಅನಂತರ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಲೆಕ್ಕಹಾಕುವಂತೆ ಪಳಗಿಸಿದ ಯಂತ್ರವಿದು. ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ಕುರಿತು ಐದು ಪುಟ ಬರೆಯೆಂದರೆ, ಲೋಟದ ಕಾಫಿ ಆರುವುದರೊಳಗೆ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದುಕೊಡುವುದು. ಬರೆದುದು ನಿಜವೋ ಸುಳ್ಳೋ ಎಂಬ ಹೊಣೆ ಮಾತ್ರ ಅದಕ್ಕಿಲ್ಲ. ಇಲ್ಲದ ಪುಸ್ತಕವನ್ನೂ ನಡೆಯದ ಮೊಕದ್ದಮೆಯನ್ನೂ ಅದು ಅಷ್ಟೇ ಧೈರ್ಯದಿಂದ ಹೆಸರಿಸುವುದುಂಟು.

ಮೊದಮೊದಲು ಇದು ಅನುಕೂಲಸ್ಥರ ಮಕ್ಕಳ ವಸ್ತುವೆಂದು ತೋರಿತ್ತು. ಆದರೆ 2025ರಲ್ಲಿ ಪರಿಸ್ಥಿತಿ ಬದಲಾಯಿತು. ಆ ವರ್ಷದ ಜುಲೈ ತಿಂಗಳಿನಲ್ಲಿ ಗೂಗಲ್ ಸಂಸ್ಥೆಯು ಭಾರತದ ವಿದ್ಯಾರ್ಥಿಗಳಿಗೆ ತನ್ನ ಬೆಲೆಯುಳ್ಳ ಸೇವೆಯನ್ನು ಒಂದು ವರ್ಷ ಪುಕ್ಕಟೆಯಾಗಿ ಕೊಡುವೆನೆಂದಿತು. ಅದೇ ತಿಂಗಳು ಏರ್‌ಟೆಲ್ ತನ್ನ ಚಂದಾದಾರರಿಗೆ ಪರ್‌ಪ್ಲೆಕ್ಸಿಟಿಯ ಸೇವೆಯನ್ನು ಕೊಟ್ಟಿತು. ನವೆಂಬರಿನಲ್ಲಿ ಓಪನ್‌ಎಐ ಸಂಸ್ಥೆಯೂ ಈ ಸಾಲಿಗೆ ಸೇರಿತು. ತಮಿಳುನಾಡು ಸರಕಾರವು 2025ರ ಮಾರ್ಚ್ ತಿಂಗಳ ಮುಂಗಡಪತ್ರದಲ್ಲಿ 20 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ವರ್ಷಗಳಲ್ಲಿ ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಕೊಡುವ ಯೋಜನೆಯನ್ನು ಸಾರಿತು. ನಮ್ಮ ನಗರದ ಐ.ಐ.ಟಿ.ಗೆ, ಕಲಿಕೆಯಲ್ಲಿ ಈ ಯಂತ್ರದ ಪರಿಣಾಮವೇನೆಂಬುದನ್ನು ಸಂಶೋಧಿಸಲು ಓಪನ್‌ಎಐ ಸಂಸ್ಥೆಯೇ 5 ಲಕ್ಷ ಡಾಲರುಗಳನ್ನು ಕೊಡುವುದಾಗಿ ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಪ್ರಕಟಿಸಿತು. ಔಷಧವನ್ನು ಮಾರುವವರೇ ಅದರ ಪರಿಣಾಮದ ಪರೀಕ್ಷೆಗೂ ಹಣ ಕೊಡುವುದು ಎಷ್ಟು ಉಚಿತವೆಂಬುದು ಬೇರೆ ಮಾತು. ಅಂತೂ ಗಿಂಡಿಯ ವಿದ್ಯಾರ್ಥಿಗೂ ವಾಷರ್‌ಮನ್‌ಪೇಟೆಯ ವಿದ್ಯಾರ್ಥಿಗೂ ಯಂತ್ರ ಒಂದೇ ತೆರನಾಗಿ ಕೈಗೆಟುಕಿದೆ. ಇದನ್ನು ಮುಚ್ಚಿಡುವ ಕಾಲ ಕಳೆಯಿತು.

ಪತ್ತೆಹಚ್ಚುವ ಉಪಕರಣ

ಆರಂಭದಲ್ಲಿ ಎಲ್ಲೆಡೆಯೂ ನಿಷೇಧದ ಮಾತೇ ಕೇಳಿಬಂದಿತು. 2023ರ ಜನವರಿಯಲ್ಲಿ ಬೆಂಗಳೂರಿನ ಆರ್.ವಿ. ವಿಶ್ವವಿದ್ಯಾಲಯವು ಅಸೈನ್‌ಮೆಂಟುಗಳಿಗೆ ಚಾಟ್‌ಜಿಪಿಟಿ ಬಳಸಬಾರದೆಂದು ಕಟ್ಟು ಮಾಡಿತು. ಆದರೆ ಕಟ್ಟುಮಾಡಿದ ಮೇಲೆ ಮೀರಿದವರನ್ನು ಹಿಡಿಯಬೇಕಷ್ಟೆ. ಇಲ್ಲಿಯೇ ತೊಡಕು.

ನಮ್ಮ ಯು.ಜಿ.ಸಿ.ಯು 2018ರಲ್ಲಿ ಕೃತಿಚೌರ್ಯವನ್ನು ತಡೆಯಲು ನಿಯಮಗಳನ್ನು ಮಾಡಿತು. ಹಿಂದೆ ಪ್ರಕಟವಾದ ಬರಹಗಳೊಡನೆ ಹೋಲಿಕೆ ನೂರಕ್ಕೆ 10ರೊಳಗಿದ್ದರೆ ದಂಡವಿಲ್ಲ. 10ರಿಂದ 40, 40ರಿಂದ 60, 60ಕ್ಕೂ ಮೇಲೆ ಎಂದು ದಂಡ ಏರುತ್ತ ಹೋಗುವುದು. ಇದು ಇನ್ನೊಬ್ಬರ ಬರಹವನ್ನು ನಕಲು ಮಾಡಿದವರನ್ನು ಹಿಡಿಯುವ ಬಲೆ. ಯಂತ್ರವಾದರೋ ಪ್ರತಿ ಸಲವೂ ಹೊಸದಾಗಿ ವಾಕ್ಯ ಕಟ್ಟುವುದರಿಂದ ಈ ಬಲೆಗೆ ಸುಲಭವಾಗಿ ಬೀಳುವುದಿಲ್ಲ. ಅದಕ್ಕಾಗಿ ಬೇರೊಂದು ಬಗೆಯ ಉಪಕರಣಗಳು ಹುಟ್ಟಿಕೊಂಡವು. ಅವು ಮಾಡುವುದು ಊಹೆಯನ್ನು. ಬರಹದಲ್ಲಿ ಸರಳವಾದ, ನಿರೀಕ್ಷಿತವಾದ ಪದಗಳೇ ಸಾಲುಗಟ್ಟಿದ್ದರೆ ಅದು ಯಂತ್ರದ್ದು, ಅನಿರೀಕ್ಷಿತವಾದ ತಿರುವುಗಳಿದ್ದರೆ ಮನುಷ್ಯನದು ಎಂಬುದೇ ಸ್ಥೂಲವಾಗಿ ಅವುಗಳ ತರ್ಕ.

ಈ ತರ್ಕದಿಂದ ಯಾರಿಗೆ ಪೆಟ್ಟು ಬೀಳುವುದೆಂಬುದನ್ನು ನಮ್ಮ ವಾಚಕರು ಗಮನಿಸಬೇಕು. ಇಂಗ್ಲಿಷನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿತವರು ಬಲ್ಲ ಪದಗಳನ್ನೇ ಬಳಸಿ, ತಪ್ಪಾದೀತೆಂಬ ಭಯದಿಂದ ಚಿಕ್ಕ ಚಿಕ್ಕ ವಾಕ್ಯಗಳನ್ನು ಬರೆಯುವರು. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆಂದು ಬರೆದಿದ್ದ 91 ಪ್ರಬಂಧಗಳನ್ನು ಇಂಥ ಏಳು ಉಪಕರಣಗಳಲ್ಲಿ ಹಾಯಿಸಿ ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಅವು ಯಂತ್ರದವೆಂದು ತೀರ್ಮಾನಿಸಿದವು. ಅಮೆರಿಕದ ಎಂಟನೆಯ ತರಗತಿಯ ಮಕ್ಕಳ ಬರಹಗಳ ವಿಷಯದಲ್ಲಿ ಮಾತ್ರ ಬಹುಮಟ್ಟಿಗೆ ಸರಿಯಾದ ಉತ್ತರವನ್ನೇ ಕೊಟ್ಟವು. ಓಪನ್‌ಎಐ ಸಂಸ್ಥೆಯು ತಾನೇ ಸಿದ್ಧಪಡಿಸಿದ್ದ ಪತ್ತೆಯ ಉಪಕರಣವು ಯಂತ್ರ ಬರೆದುದರಲ್ಲಿ ನೂರಕ್ಕೆ 26ನ್ನು ಮಾತ್ರ ಗುರುತಿಸಿತು. ಮನುಷ್ಯರು ಬರೆದುದರಲ್ಲಿ ನೂರಕ್ಕೆ 9ರ ಮೇಲೆ ಸುಳ್ಳು ಆರೋಪ ಹೊರಿಸಿತು. ನಿಖರತೆ ಸಾಲದೆಂದು ಒಪ್ಪಿಕೊಂಡು 2023ರ ಜುಲೈಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ಯಂತ್ರವನ್ನು ಕಟ್ಟಿದವರಿಗೇ ಗುರುತಿಸಲಾಗದುದನ್ನು ನಮ್ಮ ಕಾಲೇಜುಗಳು ಹೇಗೆ ಗುರುತಿಸಬಲ್ಲವು?

ಚೆನ್ನೈಯಲ್ಲಿ ಬೆಳೆಯುವ ನಮ್ಮ ಮಕ್ಕಳ ಸ್ಥಿತಿಯನ್ನು ನೋಡಿರಿ. ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ, ಬೀದಿಯಲ್ಲಿ ತಮಿಳು, 2006ರ ತಮಿಳು ಕಲಿಕೆ ಕಾಯಿದೆಯ ಅನಂತರ ಶಾಲೆಯಲ್ಲಿಯೂ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. ಇಷ್ಟು ಭಾಷೆಗಳನ್ನು ದಾಟಿ ಬಂದ ಹುಡುಗಿಯ ಎಚ್ಚರಿಕೆಯ ಇಂಗ್ಲಿಷನ್ನೇ ಅಪರಾಧದ ಸಾಕ್ಷ್ಯವೆಂದು ಎಣಿಸುವುದು ಘೋರ ಅನ್ಯಾಯ. ಹರಿಯಾಣದ ಸೋನೀಪತ್‌ನ ಕಾನೂನು ವಿದ್ಯಾರ್ಥಿಯೊಬ್ಬರು ಇಂಥದೇ ಆರೋಪದ ಮೇಲೆ ಅನುತ್ತೀರ್ಣರಾದಾಗ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ವಿಶ್ವವಿದ್ಯಾಲಯ ಅವರನ್ನು ಉತ್ತೀರ್ಣರೆಂದು ಮಾಡಿದುದರಿಂದ 2024ರ ನವೆಂಬರಿನಲ್ಲಿ ಅರ್ಜಿ ಇತ್ಯರ್ಥವಾಯಿತು. ಕಾನೂನು ಬಲ್ಲವರಿಗೆ ನ್ಯಾಯಾಲಯದ ದಾರಿ ಗೊತ್ತು. ಹೋಟೆಲ್ ಕಾರ್ಮಿಕನ ಮಗಳು ಯಾವ ದಾರಿ ಹಿಡಿಯಬೇಕು?

ಅಸೈನ್‌ಮೆಂಟು ಬಂದುದೇಕೆ?

ಇಷ್ಟು ಹೇಳಿದುದರಿಂದ, ಯಂತ್ರದಿಂದ ಬರೆಸಿ ಸ್ವಂತದ್ದೆಂದು ಒಪ್ಪಿಸುವವರ ಪಕ್ಷವನ್ನು ನಾವು ವಹಿಸಿದೆವೆಂದು ಯಾರೂ ತಿಳಿಯಬಾರದು. ಅಂಥವರು ಇದ್ದಾರೆ, ಬಹಳ ಮಂದಿ ಇದ್ದಾರೆ. 2025ರಲ್ಲಿ ಅಮೆರಿಕದ ಎಂ.ಐ.ಟಿ.ಯವರು 54 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ, ಯಂತ್ರದ ನೆರವಿನಿಂದ ಪ್ರಬಂಧ ಬರೆದವರಲ್ಲಿ ಹೆಚ್ಚಿನವರಿಗೆ ಸ್ವಲ್ಪ ಹೊತ್ತಿನ ಮೇಲೆ ತಮ್ಮದೇ ಪ್ರಬಂಧದ ಒಂದು ವಾಕ್ಯವನ್ನೂ ಸರಿಯಾಗಿ ಹೇಳಲಾಗಲಿಲ್ಲ. ಪ್ರಯೋಗ ಚಿಕ್ಕದು, ಅದರಿಂದ ದೊಡ್ಡ ಸಿದ್ಧಾಂತ ಹೊರಡಿಸಲಾಗದು. ಆದರೂ ಬೇರೆಯವರ ಬೆವರಿನಿಂದ ತನ್ನ ಮೈ ಗಟ್ಟಿಯಾಗದೆಂಬುದನ್ನು ದುಡಿಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈ ರೋಗ ಯಂತ್ರದೊಡನೆ ಹುಟ್ಟಿದುದೇ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಮದರಾಸು ವಿಶ್ವವಿದ್ಯಾನಿಲಯವು 1857ರಲ್ಲಿ ಲಂಡನ್ನಿನ ಮಾದರಿಯ ಮೇಲೆ ಸ್ಥಾಪಿತವಾದಾಗ ಅದರ ಮುಖ್ಯ ಕೆಲಸ ಪರೀಕ್ಷೆ ನಡೆಸುವುದಾಗಿತ್ತು. ವರ್ಷವಿಡೀ ಕಲಿತುದನ್ನು ಮೂರು ಗಂಟೆಯಲ್ಲಿ ಕಕ್ಕಿಸುವ ಈ ಪದ್ಧತಿಯ ದೋಷಗಳನ್ನು ನೂರು ವರ್ಷಗಳ ಮೇಲೆ ಎಲ್ಲರೂ ಒಪ್ಪಿದರು. 1978ರಲ್ಲಿ ಲೊಯೊಲಾ, ಮದರಾಸ್ ಕ್ರಿಶ್ಚಿಯನ್ ಮುಂತಾದ ಕಾಲೇಜುಗಳಿಗೆ ಸ್ವಾಯತ್ತತೆ ದೊರೆತಾಗ, ಪಾಠ ಹೇಳುವ ಅಧ್ಯಾಪಕನೇ ವರ್ಷವಿಡೀ ವಿದ್ಯಾರ್ಥಿಯನ್ನು ಅಳೆಯುವ ಒಳಮೌಲ್ಯಮಾಪನ ಕ್ರಮ ಬೇರೂರಿತು. ಅಸೈನ್‌ಮೆಂಟು ಅದರ ಒಂದು ಅಂಗ. ವಿದ್ಯಾರ್ಥಿಯು ನಿಧಾನವಾಗಿ ಓದಿ, ಯೋಚಿಸಿ ಬರೆಯಲಿ. ಅಧ್ಯಾಪಕನು ಅದನ್ನು ಓದಿ, ತಿದ್ದಿ, ಹಿಂದಿರುಗಿಸಲಿ ಎಂಬುದು ಇದರ ಆಶಯ.

ಆಶಯ ಚೆನ್ನಾಗಿತ್ತು, ಆಚರಣೆ ಹಾಗೆ ಉಳಿಯಲಿಲ್ಲ. ಒಂದೇ ಪ್ರಶ್ನೆಯನ್ನು ವರ್ಷದಿಂದ ವರ್ಷಕ್ಕೆ ಕೊಡುವುದು, ಹಿಂದಿನ ವರ್ಷದವರ ಪುಸ್ತಕವನ್ನು ನೋಡಿ ಈ ವರ್ಷದವರು ಬರೆಯುವುದು, ಅಧ್ಯಾಪಕರು ಪುಟಗಳನ್ನು ಎಣಿಸಿ ರುಜು ಹಾಕುವುದು ವಾಡಿಕೆಯಾಯಿತು. ಅಂಚೆ ಶಿಕ್ಷಣದಲ್ಲಿ ಇದು ಇನ್ನೂ ಸ್ಪಷ್ಟ. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಬಹುತೇಕ ಪಠ್ಯಕ್ರಮಗಳಲ್ಲಿ ಅಸೈನ್‌ಮೆಂಟಿಗೆ ನೂರಕ್ಕೆ 30ರಷ್ಟು ತೂಕವಿದೆ. ಕೈಬರಹದಲ್ಲಿಯೇ ಬರೆಯಬೇಕೆಂಬ ನಿಯಮವೂ ಇದೆ. ಫಲವೇನಾಯಿತು? ಸಿದ್ಧ ಉತ್ತರಗಳನ್ನು ಮಾರುವವರು ಹುಟ್ಟಿದರು. ದುಡ್ಡು ಕೊಟ್ಟರೆ ಕೈಯಲ್ಲಿಯೇ ಬರೆದು ಕೊಡುವವರೂ ಹುಟ್ಟಿದರು. ಇವೆಲ್ಲ ಚಾಟ್‌ಜಿಪಿಟಿ ಬರುವುದಕ್ಕೆ ಮೊದಲೇ ನಡೆದುಬಂದ ವ್ಯಾಪಾರ. ಹಿಂದೆ ದುಡ್ಡಿದ್ದವರಿಗೆ ದೊರೆಯುತ್ತಿದ್ದ ಸೌಲಭ್ಯವನ್ನು ಯಂತ್ರವು ದುಡ್ಡಿಲ್ಲದವರಿಗೂ ಕೊಟ್ಟಿತು. ಓದುವವರಿಲ್ಲದ ಬರಹವನ್ನು ಬರೆಯುವವರೂ ಇಲ್ಲದಂತಾಯಿತು, ಅಷ್ಟೆ.

ಮೂರು ಗಂಟೆಯ ಪರೀಕ್ಷೆಗೆ ಮರಳುವುದೆ?

ಹಾಗಾದರೆ ಅಸೈನ್‌ಮೆಂಟನ್ನೇ ರದ್ದುಮಾಡಿ ಹಳೆಯ ಪರೀಕ್ಷೆಗೆ ಮರಳಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಕಾಲೇಜುಗಳಲ್ಲಿ ತರಗತಿಯಲ್ಲಿಯೇ ಕುಳಿತು ಕೈಯಲ್ಲಿ ಬರೆಯುವ ನೀಲಿ ಹೊದಿಕೆಯ ಉತ್ತರಪುಸ್ತಿಕೆಗಳು ಮರಳಿ ಬಂದಿವೆ. ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯವು ಎರಡು ದಾರಿಗಳನ್ನು ಬೇರ್ಪಡಿಸಿದೆ: ಒಂದರಲ್ಲಿ ಅಧ್ಯಾಪಕರ ಕಣ್ಣೆದುರಿನ ಪರೀಕ್ಷೆ, ಇನ್ನೊಂದರಲ್ಲಿ ಯಂತ್ರದ ಬಳಕೆಗೆ ಮುಕ್ತ ಅವಕಾಶ. ನಮ್ಮ ಮದರಾಸ್ ಐ.ಐ.ಟಿ.ಯು 2020ರಲ್ಲಿ ಆರಂಭಿಸಿದ ದೂರದ ಪಠ್ಯಕ್ರಮದಲ್ಲಿಯೂ ಪಾಠಗಳು ಮನೆಯಲ್ಲಿ, ಪರೀಕ್ಷೆಗಳು ಕೇಂದ್ರದಲ್ಲಿ ಎಂಬ ವಿಭಜನೆಯಿದೆ. ಇಲ್ಲಿ ಗ್ರಹಿಸಬೇಕಾದ ಅಂಶ ಬಹಳವಿದೆ.

ಆದರೆ ಎಲ್ಲವನ್ನೂ ಪರೀಕ್ಷೆಗೇ ಒಪ್ಪಿಸಿದರೆ ನಷ್ಟ ಯಾರಿಗೆ? ಹಗಲು ಕಚೇರಿಯಲ್ಲಿ ಕಡತ ತಿರುವಿ, ರಾತ್ರಿ ಹತ್ತು ಗಂಟೆಯ ಮೇಲೆ ಪುಸ್ತಕ ತೆರೆಯುವ ಗುಮಾಸ್ತನಿಗೆ. ಎರಡು ಸರದಿಗಳ ನಡುವೆ ಓದುವ ಹೋಟೆಲಿನ ತರುಣನಿಗೆ. ಕಂಠಪಾಠಕ್ಕೆ ಬಿಡುವಿಲ್ಲದ ಇಂಥವರಿಗೆ, ವಾರಗಟ್ಟಲೆ ಯೋಚಿಸಿ ತಿದ್ದಿ ಬರೆಯುವ ಅವಕಾಶ ದೊಡ್ಡ ಆಸರೆಯಾಗಿತ್ತು. ಅದನ್ನು ಕಿತ್ತುಕೊಂಡರೆ ಮತ್ತೆ ಟ್ಯೂಷನ್ನಿಗೆ ಹಣವಿದ್ದವರೇ ಮುಂದೆ ಬರುವರು. ಅಸೈನ್‌ಮೆಂಟನ್ನು ಕೊಲ್ಲದೆ ಅದಕ್ಕೆ ಮತ್ತೆ ಜೀವ ತುಂಬುವ ದಾರಿಯನ್ನೇ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.

ರುಬ್ಬುವ ಕಲ್ಲಿನ ಪಾಠ

ಈ ವಿಷಯದಲ್ಲಿ ನಮ್ಮ ವಾಚಕರ ಸ್ವಂತ ಅನುಭವವೇ ದಾರಿ ತೋರಬಲ್ಲದು. ಹಿಂದೆ ಹೋಟೆಲುಗಳಲ್ಲಿ ನಡುರಾತ್ರಿಯವರೆಗೂ ಕಲ್ಲಿನಲ್ಲಿ ರುಬ್ಬುತ್ತಿದ್ದರು. ಅನಂತರ ಗ್ರೈಂಡರ್ ಬಂದಿತು. ಕೈ ಬೊಕ್ಕೆ ಬರುವಂತೆ ರುಬ್ಬುವ ಕಷ್ಟ ತಪ್ಪಿದುದಕ್ಕೆ ಯಾರೂ ಕಣ್ಣೀರು ಸುರಿಸಲಿಲ್ಲ. ಆದರೆ ಅಕ್ಕಿಗೆ ಉದ್ದು ಎಷ್ಟು, ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲಿ ಹಿಟ್ಟನ್ನು ಎಷ್ಟು ಹೊತ್ತು ಇಡಬೇಕು, ಮಾರ್ಗಳಿಯ ಚಳಿಯಲ್ಲಿ ಎಷ್ಟು ಹೊತ್ತು, ಹುಳಿ ಹದವಾಗಿ ಬಂದಿದೆಯೋ ಮೀರಿದೆಯೋ ಎಂಬುದನ್ನು ಗ್ರೈಂಡರ್ ಕಲಿಯಲಿಲ್ಲ. ಅದನ್ನು ಇಂದಿಗೂ ಭಟ್ಟರೇ ಬೆರಳಿನಿಂದ, ಮೂಗಿನಿಂದ ಅರಿಯಬೇಕು. ಕೆಲಸಕ್ಕೆ ಸೇರಿದ ಹೊಸ ಹುಡುಗನು ಬಲ್ಲನೋ ಇಲ್ಲವೋ ಎಂಬುದನ್ನು ತಿಳಿಯಲು ಯಾವ ಭಟ್ಟರೂ ಅವನಿಂದ ಬರೆಸಿಕೊಳ್ಳುವುದಿಲ್ಲ. ಪಕ್ಕದಲ್ಲಿ ನಿಲ್ಲಿಸಿಕೊಂಡು, ‘ಇವತ್ತಿನ ಹಿಟ್ಟು ನೋಡು, ಏನು ಕಡಿಮೆ?’ ಎಂದು ಕೇಳುವರು.

ಕಚೇರಿಗಳಲ್ಲಿಯೂ ಹಾಗೆಯೇ. ಪತ್ರದ ಕರಡನ್ನು ಈಗ ಯಂತ್ರ ಸಿದ್ಧಪಡಿಸುವುದು. ಆದರೆ ಈ ಗಿರಾಕಿಗೆ ಈ ಮಾತು ಬರೆಯಬಹುದೆ, ಈ ಲೆಕ್ಕ ಹೋದ ತಿಂಗಳ ಕಡತಕ್ಕೆ ಸರಿಹೊಂದುವುದೆ ಎಂಬುದನ್ನು ನೋಡಿ ರುಜು ಹಾಕುವ ಹೊಣೆ ಗುಮಾಸ್ತನದೇ. ನಾಳೆ ಕೆಲಸ ಉಳಿಯುವುದು ಇದನ್ನು ಬಲ್ಲವರಿಗೆ. ಸ್ವತಃ ಬರೆದು ತಿದ್ದಿಸಿಕೊಳ್ಳದವನಿಗೆ ಮತ್ತೊಬ್ಬರ ಕರಡಿನಲ್ಲಿ ತಪ್ಪು ಕಾಣುವುದು ಕಷ್ಟ. ಅದಕ್ಕಾಗಿಯೇ ಬರೆಯುವ ಅಭ್ಯಾಸ ಬೇಕು.

ಆಗಬೇಕಾದುದೇನು?

ಮೊದಲನೆಯದಾಗಿ, ಪ್ರಶ್ನೆಗಳು ಬದಲಾಗಬೇಕು. ‘ಜಿ.ಎಸ್.ಟಿ.ಯ ಗುಣದೋಷಗಳನ್ನು ವಿವರಿಸಿ’ ಎಂದು ಕೇಳಿದರೆ ಯಂತ್ರ ಹತ್ತು ಕ್ಷಣಗಳಲ್ಲಿ ವಿವರಿಸುವುದು. ಅದರ ಬದಲು ಆ ಬಿ.ಕಾಂ. ವಿದ್ಯಾರ್ಥಿನಿಗೆ ಹೀಗೆ ಹೇಳಬಹುದು: ನಿನ್ನ ಬೀದಿಯ ಒಂದು ಚಿಕ್ಕ ಹೋಟೆಲಿಗೆ ಹೋಗು, 2017ರ ನವೆಂಬರಿನಿಂದ ಸಾಮಾನ್ಯ ಹೋಟೆಲುಗಳ ಬಿಲ್ಲಿಗೆ ನೂರಕ್ಕೆ 5 ತೆರಿಗೆಯಿದ್ದು, ಕೊಂಡ ಸಾಮಾನಿನ ಮೇಲೆ ತೆತ್ತ ತೆರಿಗೆಯನ್ನು ಅದರಲ್ಲಿ ಕಳೆಯಲಾಗದು, ಹೀಗಿರುವಲ್ಲಿ ಗ್ಯಾಸಿಗೂ ಬಾಡಿಗೆಗೂ ಹೋಟೆಲು ತೆತ್ತ ತೆರಿಗೆ ಒಂದು ಪ್ಲೇಟು ಇಡ್ಲಿಯ ಬೆಲೆಯಲ್ಲಿ ಎಷ್ಟು ಸೇರಿಕೊಂಡಿದೆಯೆಂಬುದನ್ನು ಮಾಲೀಕರನ್ನು ಕೇಳಿ, ಒಂದು ತಿಂಗಳ ಬಿಲ್ಲು ನೋಡಿ ಬರೆ. ಈ ಪ್ರಶ್ನೆಗೆ ಉತ್ತರವಿರುವುದು ಅವಳ ತಂದೆ ದುಡಿಯುವ ಅಡಿಗೆಮನೆಯಲ್ಲಿ. ಇತಿಹಾಸದ ವಿದ್ಯಾರ್ಥಿಗೆ, 1962ರಲ್ಲಿ ತೆರೆದು 2008ರಲ್ಲಿ ಮುಚ್ಚಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ದುಡಿದವರನ್ನು ಕಂಡು ಮಾತನಾಡಿಸಿ ಬರೆಯೆಂದು ಹೇಳಬಹುದು. ಕೆ. ಕೃಷ್ಣರಾಯರಂಥವರು ಈ ನಗರದಲ್ಲಿ ಕಟ್ಟಿದ ಉದ್ಯಮದ ಕಥೆಯಲ್ಲಿ ಮಾಲೀಕರ ಹೆಸರು ಉಳಿಯಿತು. ಪಾತ್ರೆ ತೊಳೆದವರ, ಬಡಿಸಿದವರ ನೆನಪು ಬಹುಪಾಲು ಯಾವ ಪುಸ್ತಕಕ್ಕೂ ಸೇರಲಿಲ್ಲ. ಸೇರದುದನ್ನು ಯಂತ್ರ ಹೇಳಲಾರದು. ಹೇಳಿದರೆ ಅದು ಕಟ್ಟುಕಥೆಯಾಗುವುದು.

ಎರಡನೆಯದಾಗಿ, ಬರಹದ ಬೆನ್ನಿಗೆ ಐದು ನಿಮಿಷದ ಮಾತು ಇರಬೇಕು. ಈ ಅಂಕಿ ಎಲ್ಲಿ ದೊರೆಯಿತು, ಈ ವಾಕ್ಯದ ಅರ್ಥವೇನು, ಇದನ್ನು ಏಕೆ ಬಿಟ್ಟೆ ಎಂದು ಅಧ್ಯಾಪಕರು ಎದುರಿನಲ್ಲಿ ಕೂರಿಸಿಕೊಂಡು ಕೇಳಲಿ. ಇಂಗ್ಲಿಷು ತಡವರಿಸಿದರೆ ತಮಿಳಿನಲ್ಲಿ ಹೇಳಲು ಬಿಡಲಿ. ಯಂತ್ರದಿಂದ ಬರೆಸಿದವನು ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುವನು. ಸ್ವತಃ ಬರೆದವಳ ನಿರ್ದೋಷಿತ್ವವೂ ಅಲ್ಲಿಯೇ ಸಿದ್ಧವಾಗುವುದು. ಯಂತ್ರದ ನೆರವು ಪಡೆದಿದ್ದರೆ ಎಷ್ಟು, ಯಾವುದಕ್ಕೆ ಎಂಬುದನ್ನು ಕೊನೆಯಲ್ಲಿ ಎರಡು ಸಾಲು ಬರೆದು ತಿಳಿಸುವ ಪದ್ಧತಿಯೂ ಬರಲಿ. ಮೂರನೆಯದಾಗಿ, ಪತ್ತೆಯ ಉಪಕರಣದ ಮಾತೊಂದನ್ನೇ ನಂಬಿ ಅಂಕ ಕಡಿಯುವುದನ್ನು ವಿಶ್ವವಿದ್ಯಾನಿಲಯಗಳು ಸ್ಪಷ್ಟವಾದ ಆದೇಶದಿಂದ ನಿಲ್ಲಿಸಬೇಕು. ವಿದ್ಯಾರ್ಥಿಯ ಮಾತನ್ನು ಕೇಳದೆ ದಂಡಿಸುವುದು ಸಹಜ ನ್ಯಾಯಕ್ಕೆ ವಿರುದ್ಧ.

ಇದಕ್ಕೆಲ್ಲ ಅಧ್ಯಾಪಕರ ಸಮಯ ಬೇಕು ಎಂಬ ಆಕ್ಷೇಪಣೆ ಬರುವುದು ನಿಶ್ಚಯ. ಅದು ನ್ಯಾಯವಾದ ಆಕ್ಷೇಪಣೆಯೇ. ಅರವತ್ತು ಮಂದಿಯ ತರಗತಿಗೆ ತಲೆಗೆ ಐದು ನಿಮಿಷವೆಂದರೆ ಐದು ಗಂಟೆಗಳಾಗುವುವು. ಈ ರಾಜ್ಯದ ಸರಕಾರಿ ಕಲಾ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಅಲ್ಪ ವೇತನದ ದುಡಿಮೆಯ ಮೇಲೆ ನಡೆಯುತ್ತಿರುವಾಗ, ಈ ಐದು ಗಂಟೆಯನ್ನು ಯಾರಿಂದ ಕೇಳುವುದು? ಲ್ಯಾಪ್‌ಟಾಪಿಗೆ ಹಣ ಒದಗಿಸಿದ ಸರಕಾರವು ಅಧ್ಯಾಪಕರ ಹುದ್ದೆಗಳನ್ನು ತುಂಬುವುದಕ್ಕೂ ಹಣ ಒದಗಿಸಬೇಕು. ಐದು ಅಸೈನ್‌ಮೆಂಟುಗಳ ಬದಲು ಒಂದನ್ನೇ ಕೊಟ್ಟು ಅದನ್ನು ಸರಿಯಾಗಿ ಓದಿದರೂ ಅರ್ಧ ಸಮಸ್ಯೆ ತೀರುವುದು.

ಕೊನೆಯದಾಗಿ ನಮ್ಮ ಮನೆಗಳವರಿಗೆ ಒಂದು ಮಾತು. ಮಕ್ಕಳು ಬರೆಯುವಾಗ ಕರಡಿನ ಹಾಳೆಗಳನ್ನು ಹರಿದೆಸೆಯದೆ ದಿನಾಂಕ ಹಾಕಿ ಇಟ್ಟುಕೊಳ್ಳಲಿ. ಆರೋಪ ಬಂದ ದಿನ ಅವೇ ಸಾಕ್ಷಿ. ಇಂಗ್ಲಿಷ್ ಬಾರದ ತಾಯಿತಂದೆಗಳೂ ಸುಮ್ಮನಿರಬೇಕಾಗಿಲ್ಲ. ರಾತ್ರಿ ಊಟದ ಮೇಲೆ, ‘ಏನು ಬರೆದೆ? ಕನ್ನಡದಲ್ಲಿ ಹೇಳು’ ಎಂದು ಕೇಳಲಿ. ತಾನು ಬರೆದುದನ್ನು ಮನೆಮಾತಿನಲ್ಲಿ ತಂದೆಗೆ ತಿಳಿಯುವಂತೆ ಹೇಳಬಲ್ಲ ಮಗು ಯಾವ ಅಧ್ಯಾಪಕರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಆ ಹಿರಿಯರಿಗೂ ನಾವು ಇದನ್ನೇ ಹೇಳಿ, ಮಗಳು ತನ್ನ ಕರಡುಗಳೊಡನೆ ವಿಭಾಗದ ಮುಖ್ಯಸ್ಥರನ್ನು ಕಂಡು, ಎದುರಿನಲ್ಲಿಯೇ ತನ್ನನ್ನು ಪ್ರಶ್ನಿಸಬೇಕೆಂದು ಲಿಖಿತವಾಗಿ ಕೇಳಿಕೊಳ್ಳುವಂತೆ ಸೂಚಿಸಿದೆವು. ಆ ನಾಲ್ಕು ಪ್ರಶ್ನೆಗಳನ್ನು ಕೇಳುವ ಸೌಜನ್ಯವನ್ನು ಕಾಲೇಜು ತೋರುವುದೆಂದು ಹಾರೈಸುತ್ತೇವೆ.